ಡೊಟ್ಟಾಟೊ ಯಾವ ಕುಂಡದಲ್ಲಿ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇನ್ನೂ ಸುಳ್ಳು ಹೇಳುವಷ್ಟು ತ್ರಾಣ ನನ್ನಲ್ಲಿಲ್ಲ. ನಾಲ್ಕು ಅಂಜೂರದ ಗಿಡಗಳ ಹೆಸರಿನ ಚೀಟಿಗಳನ್ನು ಕಿತ್ತು, ಒಂದೊಂದಾಗಿ ಅಂಗಿಗೆ ಸಿಕ್ಕಿಸಿಕೊಂಡು, ನಾಲ್ಕು ಮಂದಿಯ ಮಿಮಿಕ್ರಿ ಮಾಡಿ, ಚಪ್ಪಾಳೆ ಗಿಟ್ಟಿಸಿ, ಕೊನೆಗೆ ಯಾವ ಚೀಟಿ ಯಾವ ಕುಂಡದ್ದು ಎಂಬುದನ್ನೇ ಮರೆತ ಮಹಾನುಭಾವ ನಾನೇ.

ಗಿಡಗಳು ಕಾಮತ್ ಡಾಕ್ಟರವು. ಉಡುಪಿ ಕಡೆಯವರು, ಇಲ್ಲಿ ಕೌಲಾಲಂಪುರದ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಪಾಠ ಮಾಡುತ್ತಾರೆ. ಪೆಟಾಲಿಂಗ್ ಜಯಾದ ಅವರ ಮನೆಯ ಪೋರ್ಚಿನಲ್ಲಿ ಕಾರು ಅರ್ಧ ಹೊರಗೆ ನೆನೆಯುತ್ತಿರುತ್ತದೆ; ಒಳ್ಳೆಯ ಜಾಗವೆಲ್ಲ ಇಟಲಿಯ ಹಳೇ ತಳಿಯ ಅಂಜೂರಗಳಿಗೆ. ಬ್ರೊಜೊಟ್ಟೊ ನೇರೊ, ಸಾನ್ ಪಿಯೆರೊ, ವೆರ್ದಿನೊ, ಡೊಟ್ಟಾಟೊ. ಇವುಗಳಲ್ಲಿ ಡೊಟ್ಟಾಟೊ ಮನೆಮಗ. ಹಿಂದೆ ಅವರ ಜೊತೆ ಪಾಠ ಮಾಡುತ್ತಿದ್ದ ಇಟಲಿಯ ಪ್ರೊಫೆಸರೊಬ್ಬರು, ತಮ್ಮ ಅಜ್ಜ ನೆಟ್ಟ ಮರದಿಂದ ತಂದುಕೊಟ್ಟ ಕಡ್ಡಿ ಅದು.

ಹೋದ ವರ್ಷ ಡಾಕ್ಟರೂ ಅವರ ಹೆಂಡತಿ ಸುಮನಕ್ಕನೂ ಎರಡು ತಿಂಗಳು ಊರಿಗೆ ಹೋದಾಗ, ನೀರು ಹಾಕುವ ಕೆಲಸ ನನಗೆ ಬಂತು. ನಾನಿರುವ ಪುಚೊಂಗಿನಿಂದ ಬಂದು ನೀರೆರೆಯುವುದೇನೂ ಕಷ್ಟವಲ್ಲ. ಸುಮ್ಮನೆ ನೀರೆರೆದು ಹೋಗುವುದು ಕಷ್ಟ. ಒಂದು ಶನಿವಾರ ಗೆಳೆಯರನ್ನು ಕರೆದೆ, ಮಮಕ್ ಹೋಟೆಲಿನಿಂದ ರೊಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದೆ. ಬ್ರೊಜೊಟ್ಟೊ ಚೀಟಿ ಸಿಕ್ಕಿಸಿಕೊಂಡಾಗ ನಮ್ಮ ಮ್ಯಾನೇಜರ್ ಆದೆ. ಡೊಟ್ಟಾಟೊ ಚೀಟಿ ಬಂದಾಗ ಸಾಕ್ಷಾತ್ ಕಾಮತ್ ಡಾಕ್ಟರೇ: "ಎಲೆ ಮಾತ್ರ ನೋಡಿದ್ರೆ ಎಂತ ಸಿಗ್ತದೆ ಮಾರಾಯ? ತೊಟ್ಟು ನೋಡು, ತೊಟ್ಟು!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಮಳೆ ಬಂತು. ಗಡಿಬಿಡಿಯಲ್ಲಿ ಚೀಟಿಗಳನ್ನು ಕೈಗೆ ಸಿಕ್ಕ ಕುಂಡಕ್ಕೆ ಚುಚ್ಚಿದೆ. ಕುಂಡಗಳೋ, ನಾಲ್ಕೂ ಒಂದೇ ಕಪ್ಪು ಪ್ಲಾಸ್ಟಿಕ್.

ಅಲ್ಲಿಂದ ಎಂಟು ತಿಂಗಳು ನಾನು ಪಟ್ಟ ಪಾಡು ಯಾವ ಮ್ಯಾನೇಜರನಿಗೂ ಬೇಡ. ಡಾಕ್ಟರು ಊರಿಂದ ಮರಳಿದ ಮೇಲೂ, ಗಿಡ ಸಾಕುವುದನ್ನು ಕಲಿಯುವ ನೆಪದಲ್ಲಿ ಬರುತ್ತಲೇ ಇದ್ದೆ. ತಳಿ ಗುರುತಿಸಲು ಎಲೆಯ ಬೆರಳು ಎಣಿಸಬೇಕು ಎಂದು ಬಲ್ಲವರು ಬರೆಯುತ್ತಾರೆ. ಎಣಿಸಿದೆ. ಒಂದೇ ಗಿಡದಲ್ಲಿ ಮೇಲಿನ ಎಲೆಗೆ ಐದು ಬೆರಳು, ಕೆಳಗಿನದಕ್ಕೆ ಮೂರು, ನಡುವಿನದೊಂದಕ್ಕೆ ಬೆರಳೇ ಇಲ್ಲ, ಅಂಗೈ ಮಾತ್ರ. ದಿನಕ್ಕೆ ಹತ್ತು ದನಿ ತೆಗೆಯುವ ನಾನು ಅದನ್ನು ಬೈಯುವುದಾದರೂ ಹೇಗೆ? ತೊಟ್ಟು ಅಳೆದೆ, ಗಿಡದ ಹಾಲು ತಾಗಿ ಮೊಣಕೈವರೆಗೆ ತುರಿಕೆ ಬಂತು. ಇಲ್ಲಿನ ಮಳೆಗೆ ಎಲೆಗಳಿಗೆಲ್ಲ ತುಕ್ಕುರೋಗ ಹತ್ತಿ, ಎಣಿಸಿದ್ದಷ್ಟೂ ಉದುರಿತು. ಚಿಗುರಿದ ಮೇಲೆ ಮತ್ತೆ ಒಂದರಿಂದ ಶುರು. ಬಂದುಹೋಗುವ ಎಲ್‌ಆರ್‌ಟಿ ರೈಲಿನಲ್ಲಿ ನಿಂತೇ ನಿದ್ದೆ ಮಾಡುವುದನ್ನು ಕಲಿತೆ.

ಉಳಿದದ್ದು ಹಣ್ಣಿನ ಸಾಕ್ಷಿ. ಅಂಜೂರದ ಹೂವೆಲ್ಲ ಹಣ್ಣಿನೊಳಗೇ ಇರುತ್ತದಂತೆ. ನಾಚಿಕೆಯೋ ಜಾಣತನವೋ, ಹೊರಗೆ ಏನೂ ತೋರಿಸದ ಜಾತಿ. ಕೊಯ್ದು ನೋಡಿದರೇ ಗೊತ್ತು: ಹಸಿರು ಸಿಪ್ಪೆಯೊಳಗೆ ಕೆಂಪಿದ್ದರೆ ವೆರ್ದಿನೊ, ಜೇನಿನ ಬಣ್ಣವಿದ್ದರೆ ಡೊಟ್ಟಾಟೊ. ಆದರೆ ಈ ಪೋರ್ಚಿನಲ್ಲಿ ನಾಲ್ಕು ವರ್ಷದಿಂದ ಒಂದು ಹಣ್ಣನ್ನೂ ಮೈನಾಗಳು ಮನುಷ್ಯರಿಗೆ ಬಿಟ್ಟಿರಲಿಲ್ಲ. ಡಾಕ್ಟರು ಹೊಗಳುತ್ತಿದ್ದುದೆಲ್ಲ ತಿನ್ನದ ಹಣ್ಣಿನ ರುಚಿ. ನಾನು, ಆಫೀಸಿನ ಗೆಳತಿಯ ಮದುವೆಯಲ್ಲಿ ಮಿಠಾಯಿ ತುಂಬಿ ಕೊಟ್ಟಿದ್ದ ಜಾಲರಿ ಚೀಲಗಳನ್ನು ಕಾಯಿಗಳಿಗೆ ಕಟ್ಟಿದೆ. ಹಣ್ಣಾದಂತೆಲ್ಲ ಕದ್ದು ಕೊಯ್ದೆ, ಒಳಗೆ ನೋಡಿದೆ, ಸಾಕ್ಷಿಯನ್ನು ನುಂಗಿದೆ.

"ನಿನ್ನಂಥ ಶಿಷ್ಯ ನನಗೆ ಕಾಲೇಜಲ್ಲಿ ಸಹ ಸಿಗ್ಲಿಲ್ಲ" ಎಂದು ಡಾಕ್ಟರು ಬೆನ್ನು ತಟ್ಟುತ್ತಿದ್ದರು. ತುರಿಕೆಗಿಂತ ಅದು ಹೆಚ್ಚು ಉರಿಯುತ್ತಿತ್ತು.

ಇಷ್ಟರಲ್ಲಿ ಇಟಲಿಯ ಪ್ರೊಫೆಸರು ಯಾವುದೋ ಸಮ್ಮೇಳನಕ್ಕೆ ಕೌಲಾಲಂಪುರಕ್ಕೆ ಬರುವ ಸುದ್ದಿ ಬಂತು. ಊರಲ್ಲಿ ಅವರ ಅಜ್ಜನ ಮರ ಒಣಗಿ ಸತ್ತಿದೆ. ಅದರ ವಂಶ ಇನ್ನು ಉಳಿದಿರುವುದು ಈ ಪೋರ್ಚಿನಲ್ಲಿ ಮಾತ್ರ. ಒಂದು ಕಡ್ಡಿ ಬೇಕಂತೆ. ಡಾಕ್ಟರು ಹೊಸ ಕತ್ತರಿಯನ್ನೇ ಕೊಂಡು ತಂದರು.

ಪ್ರೊಫೆಸರು ಬರುವ ಶನಿವಾರ ಬೆಳಿಗ್ಗೆ, ವೆರ್ದಿನೊ ಎಂಬ ಚೀಟಿಯ ಕುಂಡದಲ್ಲಿ ಕೊನೆಯ ಚೀಲ ಬಿಚ್ಚಿದೆ. ಒಳಗೆ ಜೇನಿನ ಬಣ್ಣ. ಡೊಟ್ಟಾಟೊ ಇದೇ; ನಾಲ್ಕರ ಗುರುತೂ ಸಿಕ್ಕಂತಾಯಿತು. ನುಂಗುವುದಕ್ಕೂ ಡಾಕ್ಟರು ಹೊರಬರುವುದಕ್ಕೂ ಸರಿಹೋಯಿತು. ಅವರು ನೇರವಾಗಿ ಡೊಟ್ಟಾಟೊ ಚೀಟಿಯ ಕುಂಡಕ್ಕೆ ಹೋಗಿ, ಒಳ್ಳೆಯದೊಂದು ಕಡ್ಡಿ ಹುಡುಕಿ ಕತ್ತರಿ ಇಟ್ಟರು. ಸುಮ್ಮನಿದ್ದರೆ ಒಬ್ಬರ ಅಜ್ಜನ ಹೆಸರಿನಲ್ಲಿ ಇನ್ಯಾರದೋ ಮರ ಇಟಲಿಗೆ ಹೋಗುತ್ತದೆ.

"ಸಾರ್, ನಿಲ್ಲಿ. ಅದಲ್ಲ" ಎಂದೆ. ಯಾರ ದನಿಯಲ್ಲೂ ಅಲ್ಲ, ನನ್ನದರಲ್ಲೇ. ಕೇಳಲು ಬಲು ಬಡಕಲಾಗಿತ್ತು. ಎಲ್ಲ ಹೇಳಿದೆ. ಚೀಟಿ, ಮಳೆ, ತೊಟ್ಟಿನ ಮಿಮಿಕ್ರಿ ಸಮೇತ.

ಡಾಕ್ಟರ ಮುಖ ಮಾಗಿದ ಬ್ರೊಜೊಟ್ಟೊದ ಕಡುನೇರಳೆ ಬಣ್ಣಕ್ಕೆ ತಿರುಗಿತು. "ಎಂತ ಮಾಡಿದ್ದು ನೀನು? ನಾಲ್ಕು ವರ್ಷ, ನಾಲ್ಕು ವರ್ಷ ಮಗುವಿನ ಹಾಗೆ ನೋಡಿದ ಗಿಡ! ಒಂದು ಚೀಟಿ ಅಲುಗಾಡಲಿಕ್ಕೆ ಬಿಟ್ಟವನಲ್ಲ ನಾನು! ಇನ್ನು ಈ ಗೇಟಿನ ಒಳಗೆ ಕಾಲಿಟ್ಟರೆ..."

ಒರೆಸುವ ಕೋಲು ಹಿಡಿದು ಸುಮನಕ್ಕ ಬಾಗಿಲಿಗೆ ಬಂದರು.

"ಸಾಕು ಮಾರಾಯ್ರೆ. ಪೋರ್ಚು ತೊಳೆಯುವಾಗೆಲ್ಲ ಆ ಚೀಟಿ ಕಿತ್ತು ಬಕೆಟಿಗೆ ಹಾಕಿ, ಆಮೇಲೆ ಕೈಗೆ ಬಂದ ಹಾಗೆ ಚುಚ್ಚಿಡುವವಳು ನಾನು. ನಾಲ್ಕು ವರ್ಷದಿಂದ. ಈಗ ಯಾವುದು ಎಂತದು ಅಂತ ಈ ಮನೆಯಲ್ಲಿ ಗೊತ್ತಿರುವುದು ಇವನೊಬ್ಬನಿಗೇ, ಬೈಯುವ ಮೊದಲು ಕೇಳಿಕೊಳ್ಳಿ."