ಕಾಕಾ ಕೂಡಿಸಿಟ್ಟ ತಂತಿಗಳು

ಮೊನ್ನೆ ಕುಂದಗೋಳದ ಮನೆಯ ಅಟ್ಟದಿಂದ ಗಿಟಾರಿನ ಚೀಲ ಇಳಿಸಿ ಜಿಪ್ ಎಳೆದೆ. ಮೊದಲು ಬಂದದ್ದು ಸೀನು. ಹತ್ತು ವರ್ಷ ಒಣಮೆಣಸಿನಕಾಯಿ ಚೀಲಗಳ ಬಾಜೂ ಮಲಗಿದ್ದ ವಾದ್ಯ ಅದು. ಏಳು ಸಲ ಸೀನಿ, ಕಣ್ಣಲ್ಲಿ ನೀರು ತುಂಬಿಕೊಂಡೇ ಅದನ್ನು ತೊಡೆಯ ಮೇಲಿಟ್ಟುಕೊಂಡೆ. ನೀರು ಮೆಣಸಿನಕಾಯಿಯದೇ ಎಂದು ಸದ್ಯಕ್ಕೆ ನೀವೂ ನಂಬಿ.

ನಿಮಗೆ ನಮ್ಮೂರ ಕಿವಿಯ ವಿಷಯ ಹೇಳಬೇಕು. ಕುಂದಗೋಳದಲ್ಲಿ ಹಾಡಲು ಬಾರದವರು ಬೇಕಾದಷ್ಟು ಜನ ಸಿಗುತ್ತಾರೆ, ಹಾಡಿನಲ್ಲಿ ತಪ್ಪು ಹಿಡಿಯಲು ಬಾರದವರು ಸಿಗುವುದು ಕಷ್ಟ. ರೇಡಿಯೋದಲ್ಲಿ ಯಾರಾದರೂ ನಿಷಾದ ತುಸು ಇಳಿಸಿದರೆ ಕ್ಷೌರದಂಗಡಿಯವನು ಅರ್ಧ ಗಡ್ಡಕ್ಕೇ ಕತ್ತಿ ಎತ್ತಿ ನಿಲ್ಲುತ್ತಾನೆ. ಉಳಿದರ್ಧ ಗಡ್ಡದ ಗಿರಾಕಿಯೂ ಹೌದೆಂದು ತಲೆಯಾಡಿಸುತ್ತಾನೆ. ಇಂಥ ಊರಿಗೆ ನಾನು, ಕಾಲೇಜಿನ ಎರಡನೆಯ ವರ್ಷದಲ್ಲಿ, ಹುಬ್ಬಳ್ಳಿಯಿಂದ ಹಳೆಯ ಎಲೆಕ್ಟ್ರಿಕ್ ಗಿಟಾರ್ ತಂದು ರಾಕ್ ಅಂಡ್ ರೋಲ್ ಶುರುಮಾಡಿದೆ. ಗುರು ಮೊಬೈಲಿನೊಳಗಿದ್ದ. ಅವನಿಂದ ಕಲಿತ ದೊಡ್ಡ ವಿದ್ಯೆ ಡಬಲ್ ಸ್ಟಾಪ್: ಒಂದೇ ಬೆರಳನ್ನು ಎರಡು ತಂತಿಗಳ ಮೇಲೆ ಅಡ್ಡ ಒತ್ತಿ, ಎರಡು ಸ್ವರಗಳನ್ನು ಒಮ್ಮೆಲೇ ಹೊಡೆಯುವುದು. ರಾಕ್ ಅಂಡ್ ರೋಲಿಗೆ ತಾಯಿಯಾದ ಬ್ಲೂಸ್ ಸಂಗೀತ ನುಡಿಸುವವರು ಅದರಲ್ಲೊಂದನ್ನು ಸ್ವಲ್ಪ ಜಗ್ಗುತ್ತಾರೆ. ಆಗ ಎರಡೂ ಒಂದಕ್ಕೊಂದು ತಿಕ್ಕಾಡಿ ಗುರ್ ಎನ್ನುತ್ತವೆ. ಆ ಗುರ್ ಎನ್ನುವುದಕ್ಕೇ ನಾನು ಮರುಳಾದೆ.

ಮರುಳಾಗದವರು ನಮ್ಮ ಕಾಕಾ. ಅಪ್ಪನ ತಮ್ಮ, ಹೊಲ ನೋಡಿಕೊಂಡಿದ್ದವರು. ಆದರೆ ಊರಲ್ಲಿ ಅವರ ಹೆಸರಿದ್ದದ್ದು ತಂಬೂರಿಯ ಶ್ರುತಿ ಕೂಡಿಸುವುದಕ್ಕೆ. ಹಾಡಿನ ಬೈಠಕ್ಕಿಗೆ ಬಂದ ಗಾಯಕರು ಚಹಾಕ್ಕಿಂತ ಮೊದಲು ಕಾಕಾನನ್ನು ಕೇಳುತ್ತಿದ್ದರು. ಊರಿಡೀ ಹೊಗಳಲಿ ಎಂಬ ಆಸೆ ನನಗಿರಲಿಲ್ಲ. ಕಾಕಾ ಒಬ್ಬರು ಒಮ್ಮೆ ಭಲೇ ಅಂದರೆ ಸಾಕಿತ್ತು. ಅವರು ಎರಡು ದಿನ ಸುಮ್ಮನೆ ಕೇಳಿ, ಮೂರನೆಯ ದಿನ ನನ್ನ ಕೈ ಹಿಡಿದು ನೋಡಿದರು.

“ಬೆರಳ ದಪ್ಪ ಅದಾವಲೇ. ಎರಡೂ ತಂತಿ ಸಿಗಾಕತ್ತಾವ.”

“ಬೇಕಂತನ ಹಿಡಿತೀನ್ರಿ ಕಾಕಾ.”

“ತಪ್ಪ ಮಾಡಿದಾವ್ರೆಲ್ಲಾ ಹಂಗ ಅಂತಾರ.”

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹಸಿದ ಕರು ಒದರುವಾಗ ಸುಮ್ಮನೆ ಕೂರಲಾಗದ ಹಾಗೆ, ಬೇಸೂರು ಕೇಳಿ ಸುಮ್ಮನಿರುವುದು ಅವರ ಕೈಲಾಗುತ್ತಿರಲಿಲ್ಲ. ನಾನು ಕಾಲೇಜಿಗೆ ಹೊರಟೊಡನೆ ಅವರು ಬಿರಡೆ ತಿರುವಿ, ಎರಡು ಸಣ್ಣ ತಂತಿಗಳನ್ನೂ ತಂಬೂರಿಯ ನಡುವಿನ ಜೋಡಿಯಂತೆ ಒಂದೇ ಷಡ್ಜಕ್ಕೆ ತಂದಿಡುತ್ತಿದ್ದರು. ಸಂಜೆ ಬಂದು ನಾನು ಅದನ್ನು ಕೆಡಿಸುತ್ತಿದ್ದೆ. ಮರುದಿನ ಮತ್ತೆ ಅವರ ರಿಪೇರಿ. ಹೀಗೆ ಒಬ್ಬರ ಅಜ್ಞಾನವನ್ನು ಇನ್ನೊಬ್ಬರು ಕ್ಷಮಿಸುತ್ತ ಒಂದು ಮಳೆಗಾಲ ಕಳೆದೆವು.

ಆಮೇಲೆ ನಮ್ಮೂರ ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ಬಂತು, ನೋಡಲು ಊರೆಲ್ಲ ನೆರೆಯಿತು. ಬೆಳಿಗ್ಗೆಯೇ ತಂತಿಗಳನ್ನು ನನಗೆ ಬೇಕಾದಂತೆ ಬಿಗಿದು, ಮಳೆಗಾಲವಿಡೀ ನಡೆದದ್ದನ್ನು ಮರೆತು ಗಿಟಾರನ್ನು ಹಿಡಿದುಕೊಳ್ಳಲು ಕಾಕಾನ ಕೈಗೇ ಕೊಟ್ಟು, ನಾನು ಪರದೆಯ ಹಿಂದೆ ಕಪ್ಪು ಕನ್ನಡಕ ಏರಿಸಿ ಕೂದಲನ್ನು ಹಣೆಗೆ ಬೀಳಿಸಿಕೊಳ್ಳುವುದರಲ್ಲಿ ಮುಳುಗಿದ್ದೆ. ಆ ವಿದ್ಯೆಗೆ ಡಬಲ್ ಸ್ಟಾಪಿಗಿಂತ ಹೆಚ್ಚು ಅಭ್ಯಾಸ ಬೇಕು. ಹೆಸರು ಕೂಗಿದಾಗ ಗಿಟಾರ್ ಇಸಿದುಕೊಂಡು ವೇದಿಕೆ ಹತ್ತಿ, ಬೆರಳು ಅಡ್ಡ ಒತ್ತಿ ಜೋರಾಗಿ ಹೊಡೆದೆ. ಎರಡು ತಂತಿಯಿಂದ ಒಂದೇ ಸ್ವರ ಹೊರಟಿತು. ಮತ್ತೊಮ್ಮೆ ಹೊಡೆದೆ, ಇನ್ನೂ ಶುದ್ಧವಾಗಿ ಬಂತು. ಕಾಕಾ ಕೆಲಸ ಮುಗಿಸಿದ್ದರು. ಬೇರೆ ದಾರಿ ಕಾಣದೆ ಅದೇ ಬೆರಳನ್ನು ಮೇಲೆ ಕೆಳಗೆ ಸರಿಸುತ್ತ ಸೋಮವಾರದ ಭಜನೆಯ ಧಾಟಿಯೊಂದನ್ನು ನುಡಿಸಿ ಮುಗಿಸಿದೆ. ಸಭೆ ತಲೆದೂಗಿತು, ಕ್ಷೌರದಂಗಡಿಯವನೂ ಸೇರಿ.

ಜಗಳಾಡಲೆಂದೇ ಕೆಳಗಿಳಿದೆ. ಮೊದಲ ಸಾಲಿನಲ್ಲಿ ಕಾಕಾ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಇವತ್ತ ಸ್ವರ ಹತ್ತಿತು ನೋಡಲೇ,” ಎಂದರು. “ಭಲೇ.”

ನಾನು ಕಾದಿದ್ದ ಮಾತು ಅವರದೇ ಕೆಲಸಕ್ಕೆ ಸಿಕ್ಕಿತ್ತು. ಹೇಳಿಬಿಡಬಹುದಿತ್ತು, ಆ ಮುಖ ನೋಡಿ ಬಗ್ಗಿ ಅವರ ಕಾಲು ಮುಟ್ಟಿದೆ. ಮರುದಿನ ಗಿಟಾರ್ ಅಟ್ಟ ಸೇರಿತು; ನಾನು ಓದು ಮುಗಿಸಿ ಅಣ್ಣಿಗೇರಿಯಲ್ಲಿ ಮಾಸ್ತರನಾದೆ. ಎರಡು ಸ್ವರ ಕೂಡಿ ತಿಕ್ಕಾಡುವುದರ ಸುಖವನ್ನು ಅವರೆದುರು ಒಮ್ಮೆಯಾದರೂ ನೆಟ್ಟಗೆ ನುಡಿಸಿ ತೋರಿಸಲಿಲ್ಲವಲ್ಲ ಎಂದು ಈಗ ಸಂಕಟವಾಗುತ್ತದೆ. ಕಾಕಾ ಹೋಗಿ ವರ್ಷವಾಯಿತು.

ಮೊನ್ನೆ ಅದೇ ಎರಡು ತಂತಿಗಳ ಮೇಲೆ ಬೆರಳು ಅಡ್ಡ ಒತ್ತಿ ಮೀಟಿದೆ. ಇಷ್ಟು ವರ್ಷಗಳಲ್ಲಿ ಒಂದು ತಂತಿ ತುಸು ಇಳಿದಿತ್ತು. ಗುರ್ ಎಂದಿತು. ಅಂದು ಬೇಡಿದ್ದ ಬ್ಲೂಸ್ ತಾನಾಗಿಯೇ ಬಂದಿತ್ತು. ಬಾಜೂ ಕೋಣೆಯಿಂದ ಯಾರಾದರೂ ಎದ್ದು ಬಂದಾರೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಆ ಇಳಿದ ತಂತಿಯನ್ನು ಕೇಳಿಕೊಂಡು ಕೂರುವುದು ಈಗ ನನ್ನ ಕೈಲೂ ಆಗಲಿಲ್ಲ. ಬಿರಡೆ ಹಿಡಿದು, ಎರಡೂ ಒಂದಾಗುವವರೆಗೆ ಮೆಲ್ಲಗೆ ತಿರುವಿದೆ.