ಕಡ್ಲಿಯ ಕಣ್ಣೀರ ಸುಳಿ

ನಾನು ಚಿಕ್ಕವಳಿದ್ದಾಗ, ಹನ್ನೊಂದು ತುಂಬಿದ ವರ್ಷ, ಒಂದು ಬೆಳಿಗ್ಗೆ ಕುದುರೆಮರಿಯ ಮುಖದ ಮೇಲೆ ಕೈ ಇಟ್ಟೆ. ತೆಗೆ ಅಂದರು. ತೆಗೆಯಲಿಲ್ಲ. ನನ್ನ ಬಲಗೈಯ ಹಿಂಬದಿಯಲ್ಲಿ ಹೊಳೆಯುವ ಕಲೆ ಏನೆಂದು ನೀವು ಮೊಮ್ಮಕ್ಕಳು ಕೇಳಿದಾಗಲೆಲ್ಲ ಎಣ್ಣೆ ಸಿಡಿದದ್ದು ಎನ್ನುತ್ತ ಬಂದಿದ್ದೇನೆ. ಅದು ಸುಳ್ಳು. ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಅದು ಎಂಬತ್ತರ ದಶಕದ ಕೊನೆ. ಹುಮನಾಬಾದಿನಿಂದ ಹುಡಗಿ ಊರಿಗೆ ಹೋಗುವ ದಾರಿಯಲ್ಲಿ ಮಾಲಕರ ಹೊಲವಿತ್ತು. ಹೊಲದ ತುದಿಯಲ್ಲಿ ತಗಡಿನ ಚಾವಣಿಯ ಕುದುರೆ ಲಾಯ. ಅಪ್ಪ ಅಲ್ಲಿ ದುಡಿಯುತ್ತಿದ್ದ. ಅದಕ್ಕೂ ಮೊದಲು ಅವನು ಹೈದರಾಬಾದಿನಲ್ಲಿ ರೇಸಿನ ಕುದುರೆಗಳನ್ನು ತಿಕ್ಕಿ, ತೊಳೆದು, ನಡೆಸಿ ಬಂದವನು. ಓಟ ಮುಗಿಸಿದ ಒಂದು ಗಬ್ಬದ ಕುದುರೆಯನ್ನು ಮಾಲಕರು ಅಲ್ಲಿಂದಲೇ ಕೊಂಡು ತಂದಿದ್ದರು. ಅದು ಹಾಕಿದ ಹೆಣ್ಣುಮರಿಯೇ ಕಡ್ಲಿ. ಹುಟ್ಟಿದ ತಿಂಗಳಲ್ಲೇ ಬೇಲಿ ದಾಟಿ ಹಸಿ ಕಡಲೆಗೆ ಬಾಯಿ ಹಾಕಿದ್ದರಿಂದ ಆ ಹೆಸರು.

ಕಡ್ಲಿ ಹುಟ್ಟಿದ ಮೇಲೆ ರೇಸಿನವರಿಂದ ಅವಳ ಹೆಸರಿಗೆ ಒಂದು ಕಾಗದ ಬಂತು. ಅದರಲ್ಲಿ ಅವಳ ತಾಯಿ, ತಂದೆ, ಅಜ್ಜಿ, ಮುತ್ತಜ್ಜಿಯರ ಹೆಸರುಗಳು ಮರದ ಕೊಂಬೆಗಳ ಹಾಗೆ ಹರಡಿದ್ದವು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ನಾನು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಹೇಳುತ್ತಿದ್ದೆ. ಒಂದು ಹೆಸರು ಕೇಳಿದವನೇ ಅಪ್ಪ ಜಿಗಿದೆದ್ದ. “ಯವ್ವಾ, ಈಕಿ ಅಜ್ಜಿಗಿ ನಾನೇ ತಿಕ್ಕೀನಿ! ನನ್ನ ಅಂಗಿ ಹರದಿದ್ದಳು ಹಡಬಿ!” ನಮ್ಮ ಮನೆತನದಲ್ಲಿ ಮುತ್ತಜ್ಜನ ಆಚೆ ಒಬ್ಬರ ಹೆಸರೂ ನಮಗೆ ಗೊತ್ತಿರಲಿಲ್ಲ. ಕಡ್ಲಿಯ ಐದು ತಲೆಮಾರು ನನಗೆ ಬಾಯಿಪಾಠವಾಗಿತ್ತು.

ಕಾಗದದ ಹಿಂದೆ ಬರೀ ಗೆರೆಯ ಕುದುರೆಯ ಚಿತ್ರವಿತ್ತು. ಕಡ್ಲಿ ಹುಟ್ಟಿದಾಗ ಪಟ್ಟಣದಿಂದ ಬಂದ ಡಾಕ್ಟರು ಅವಳ ಮೈಯನ್ನೆಲ್ಲ ಬೆರಳಿನಿಂದ ಹುಡುಕಿ, ಚಿತ್ರದ ಮೇಲೆ ಸುಳಿ ಇದ್ದಲ್ಲೆಲ್ಲ ಕೆಂಪು ಮಸಿಯಲ್ಲಿ ಗುಣಿಸುವ ಗುರುತು ಹಾಕಿದ್ದರು. ಒಂದು ಗುರುತು ಎಡಗಣ್ಣಿನ ಕೆಳಗಿತ್ತು. ಅಲ್ಲಿ ಅವಳ ಕೂದಲು ಬಾವಿಯ ನೀರಿನ ಹಾಗೆ ಸುತ್ತಿಕೊಂಡು ಸುಳಿಯಾಗಿತ್ತು.

ಕಲಿಕೆ ನಿಧಾನದ್ದು. ಮೊದಲು ಮುಖಕ್ಕೆ ಮೆತ್ತನೆ ಹಗ್ಗ. ಆಮೇಲೆ ಕಿವಿ ಮುಟ್ಟುವುದು, ಗೊರಸು ಎತ್ತುವುದು. ಕಡಿವಾಣಕ್ಕೆ ಬೆಲ್ಲ ಸವರಿ ಬಾಯಿಗೆ ಕೊಡುವುದು. ಅವಳು ಅದನ್ನು ಜಗಿಯುವಾಗ ಹಲ್ಲಿಗೆ ಕಬ್ಬಿಣ ತಾಗಿ ಕಿಣಿಕಿಣಿ ಸದ್ದಾಗುತ್ತಿತ್ತು. ವರ್ಷ ದಾಟಿದ ಮೇಲೆ ಅಪ್ಪ ನನ್ನನ್ನು ಎತ್ತಿ ಅವಳ ಬೆನ್ನ ಮೇಲೆ ಜೋಳದ ಚೀಲದ ಹಾಗೆ ಅಡ್ಡ ಮಲಗಿಸಿದ. ಅಲ್ಲಿ ನನಗಿಂತ ಹಗುರದವರು ಯಾರೂ ಇರಲಿಲ್ಲ. ಅವಳ ಮೈ ಬಿಸಿ, ಬೆವರಿನ ವಾಸನೆ, ಹೊಟ್ಟೆಯೊಳಗಿನ ಗುಡುಗು, ಎಲ್ಲ ನನ್ನ ಹೊಟ್ಟೆಗೆ ತಿಳಿಯುತ್ತಿತ್ತು.

ಇನ್ನೊಂದನ್ನು ನಾನೇ ಕಲಿಸಿದ್ದೆ. ಎಡಗಣ್ಣಿನ ಕೆಳಗೆ ಅಂಗೈ ಇಟ್ಟರೆ ತಲೆ ತಗ್ಗಿಸಿ ನಿಲ್ಲಬೇಕು, ಕದಲಬಾರದು. ದಿನಾ ಬೆಳಿಗ್ಗೆ ಮಾಡಿಸುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ಕಡ್ಲಿ ಹುಟ್ಟಿದ ಮೇಲೆ ಮಾಲಕರ ಬೋರ್‌ವೆಲ್ ಬತ್ತಿತು. ಅವರ ತಂಗಿಗೆ ಗೊತ್ತಾಗಿದ್ದ ಲಗ್ನ ಮುರಿಯಿತು. ಮಾಲಕರ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿ ಮುಡಬಿಯಿಂದ ಒಬ್ಬ ಮುದುಕ ಮುತ್ಯಾನನ್ನು ಕರೆಸಿದಳು. ಎತ್ತು ಕುದುರೆಗಳ ಸುಳಿ ನೋಡಿ ಶುಭ ಅಶುಭ ಹೇಳುವುದರಲ್ಲಿ ಅವನು ಬಸವಕಲ್ಯಾಣದ ಸುತ್ತೆಲ್ಲ ಹೆಸರಾದವನು. ಅವನು ಕಡ್ಲಿಯ ಮುಖ ನೋಡಿ ನಾಲಿಗೆ ಲೊಚಗುಟ್ಟಿದ.

“ಕಣ್ಣೀರ ಸುಳಿರಿ ಆಯಿ. ಇದು ಇದ್ದ ಮನ್ಯಾಗ ಅಳೂದು ತಪ್ಪಂಗಿಲ್ಲ. ಸುಟ್ಟಬಿಡಬೇಕು. ಸುಳಿ ಹೋಯ್ತಂದ್ರ ದೋಷ ಹೋಯ್ತು.”

ಮಾಲಕರು ಹೈದರಾಬಾದಿಗೆ ಹೋಗಿದ್ದರು. ಇನ್ನು ನಾಲ್ಕು ದಿನಕ್ಕೆ ಡಾಕ್ಟರು ಮತ್ತೆ ಬಂದು ನೋಡಿ, ಕಡ್ಲಿಯನ್ನು ರೇಸಿನ ಕಲಿಕೆಗೆ ಕಳಿಸುವುದಿತ್ತು. “ಹೋಗೂದರಾಗ ದೋಷ ತೆಗೀರಿ” ಎಂದಳು ಆಯಿ. ಮುತ್ಯಾ ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಸಳಿ ಇಟ್ಟ.

ಅಪ್ಪ ಹಗ್ಗ ಹಿಡಿದು ನಿಂತಿದ್ದ. ಆಯಿಯ ಎದುರು ಅವನು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

“ಆಯಿ, ಬ್ಯಾಡ್ರಿ! ಕಾಗದದಾಗ ಈ ಸುಳಿ ಅದರಿ. ಡಾಕ್ಟರು ಗುರುತ ಹಾಕ್ಯಾರ!” ಎಂದೆ.

“ಹೌದಲ್ಲ, ತಪ್ಪಂತ ಕೆಂಪ ಮಸಿಲೆ ಕಾಟ ಹೊಡದಾನ,” ಆಯಿ ನಕ್ಕಳು. “ನಿಮ್ಮ ಮಾಸ್ತರ ನಿನ್ನ ಪಾಟಿ ಮ್ಯಾಲ ಹೊಡದಂಗ. ಸರಿ ಅತ್ತಾಗ.”

ಸಳಿಯ ತುದಿ ಕೆಂಪಾಗಿತ್ತು. ಮುತ್ಯಾ ಎಡಗೈಯನ್ನು ಕಡ್ಲಿಯ ಕಣ್ಣಿನ ಕೆಳಗೆ ಇಟ್ಟ. ಅವಳು ತಲೆ ತಗ್ಗಿಸಿ ನಿಂತಳು. ಕಿವಿ ಸಹ ಅಲುಗಿಸಲಿಲ್ಲ. ನಾನು ಕಲಿಸಿದ ಹಾಗೆಯೇ ನಿಂತಳು.

ಅವಳು ಒದೆಯಬಹುದಿತ್ತು, ಕಚ್ಚಬಹುದಿತ್ತು, ಬೇಲಿ ಹಾರಬಹುದಿತ್ತು. ನನ್ನನ್ನು ನಂಬಿ ನಿಂತಿದ್ದಳು. ಮುತ್ಯಾ ಕೈ ತೆಗೆದು ಸಳಿ ತಂದ. ನಾನು ನುಗ್ಗಿ ಅಂಗೈಯಿಂದ ಸುಳಿ ಮುಚ್ಚಿದೆ.

“ತೆಗಿ ಪೋರಿ.”

“ತೆಗ್ಯಂಗಿಲ್ಲ.”

ಸಳಿ ನನ್ನ ಕೈ ಮೇಲೆ ಬಿತ್ತು. ಮುತ್ಯಾನಿಗೆ ತಡೆಯಲಾಗಲಿಲ್ಲವೋ, ಅವನು ತಡೆಯಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೂಗಿದ್ದು ಗೊತ್ತು. ಕೈ ತೆಗೆಯದಿದ್ದದ್ದೂ ಗೊತ್ತು. ಕೂದಲು ಸುಟ್ಟ ವಾಸನೆ ಬರಲಿಲ್ಲ. ಬಂದ ವಾಸನೆ ಬೇರೆ. ಅದನ್ನು ನಿಮಗೆ ಹೇಳುವುದಿಲ್ಲ.

ಅಪ್ಪ ಮುತ್ಯಾನ ಕೈಯಿಂದ ಸಳಿ ಕಸಿದು ನೀರಿನ ತೊಟ್ಟಿಗೆ ಎಸೆದ. ಚುಂಯ್ ಎಂದಿತು. “ಸಾಕ್ರಿ ಆಯಿ” ಎಂದ.

“ನಾಳಿಂದ ಈ ಹೊಲದಾಗ ಕಾಲ ಇಡಬ್ಯಾಡ,” ಎಂದಳು ಆಯಿ.

“ಇಡಂಗಿಲ್ರಿ. ಆದ್ರ ಇವತ್ತ ಅದೀನಿ. ಇವತ್ತ ಈಕಿಗಿ ಯಾರೂ ಮುಟ್ಟಂಗಿಲ್ಲ.”

ಆ ದಿನ ಕತ್ತಲಾಗುವವರೆಗೂ ಅಪ್ಪ ಲಾಯದ ಬಾಗಿಲಲ್ಲಿ ಕೂತಿದ್ದ. ನನ್ನ ಕೈಗೆ ಲೋಳೆಸರ ಹಚ್ಚಿ, ತನ್ನ ರುಮಾಲು ಹರಿದು ಕಟ್ಟಿದ್ದ. ಮಾಲಕರು ಬಸ್ಸಿಳಿದು ಬಂದ ಮೇಲೆಯೇ ಎದ್ದದ್ದು. ಅವರು ಎಲ್ಲ ಕೇಳಿದರು. ಮರುದಿನದಿಂದ ಅಪ್ಪ ಕೆಲಸಕ್ಕೆ ಹೋಗಲಿಲ್ಲ.

ನಾಲ್ಕನೆಯ ದಿನ ಡಾಕ್ಟರು ಬಂದಾಗ ಕಡ್ಲಿ ಯಾರಿಗೂ ಮುಖ ಕೊಡಲಿಲ್ಲ. ಮಾಲಕರೇ ನಮ್ಮನ್ನು ಕರೆಸಿದರು. ನಾನು ಎಡಗೈ ಇಟ್ಟೆ, ಅವಳು ತಲೆ ತಗ್ಗಿಸಿದಳು. ಡಾಕ್ಟರು ಕಾಗದ ನೋಡುವುದು, ಬೆರಳಿಡುವುದು, ಟಿಕ್ ಹಾಕುವುದು, ಹೀಗೆ ಒಂದೊಂದೇ ಸುಳಿ ಮುಗಿಸಿದರು. ಎಡಗಣ್ಣಿನ ಕೆಳಗಿನದಕ್ಕೆ ಬೆರಳು ತಾಗಿದಾಗ ಮಾಲಕರು ಕೇಳಿದರು, “ಇದು ಇಲ್ದಿದ್ರ ಏನಾಗ್ತಿತ್ರಿ?”

“ಕುದುರಿ ಇರ್ತಿತ್ತು. ಕಾಗದದಾಗಿನ ಕುದುರಿ ಇದೇ ಅಂತ ನಾ ಸಹಿ ಮಾಡ್ತಿರಲಿಲ್ಲ. ಆಮ್ಯಾಲ ತಾಯಿ ತಂದಿ ಇಲ್ಲದ ಕುದುರಿ, ರೇಸಿಗಿ ನಡ್ಯಂಗಿಲ್ಲ. ಲಗ್ನದಾಗ ವರಗ ಹೊರಬೇಕಾಗ್ತಿತ್ತು.”

ಆಯಿ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡಳು. ಮುಂದೆ ಎಂದೂ ನನ್ನ ಜೊತೆ ಮಾತಾಡಲಿಲ್ಲ. ಅಪ್ಪ ಮತ್ತೆ ಕೆಲಸಕ್ಕೆ ಹೋದ. ಕಡ್ಲಿ ಲಾರಿ ಹತ್ತಿದಳು. ಒಮ್ಮೆ ಓಟದಲ್ಲಿ ಮೂರನೆಯವಳಾಗಿ ಬಂದಳೆಂದು ಎಸ್‌ಟಿಡಿ ಬೂತಿಗೆ ಫೋನು ಬಂದಿತ್ತು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಈಗ ರೇಸಿನ ಮರಿಗಳ ಕುತ್ತಿಗೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇಡುತ್ತಾರಂತೆ, ಯಂತ್ರ ಹಿಡಿದರೆ ನಂಬರು ಬರುತ್ತದಂತೆ. ನಿಮ್ಮನ್ನೂ ಯಂತ್ರವೇ ಗುರುತಿಸುತ್ತದೆ. ಆಧಾರ್ ಮಾಡಿಸುವಾಗ ನೀವು ಬೆರಳ ತುದಿಯ ಸುಳಿಯನ್ನು ಗಾಜಿನ ಮೇಲೆ ಒತ್ತಿ ಬಂದಿರಿ. ಆ ಸುಳಿ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳಲಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಕಾಲ ಒಳ್ಳೆಯದು.

ಆದರೆ ಹೋದ ವಾರ ಪಕ್ಕದ ಮನೆಯವಳು ನನ್ನ ಮೊಮ್ಮಗಳ ತಲೆ ಬಾಚುತ್ತ, “ಎರಡ ಸುಳಿ ಅವ ನೋಡು, ಈಕಿಗಿ ಎರಡ ಲಗ್ನ” ಎಂದು ನಕ್ಕಳು. ಅಂದಿನಿಂದ ನನ್ನ ಕೂಸು ಸುಳಿ ಕಾಣದ ಹಾಗೆ ರಿಬ್ಬನ್ ಕಟ್ಟಿಕೊಳ್ಳುತ್ತಿದೆ. ಬಾ ಇಲ್ಲಿ. ಈ ಸುಟ್ಟ ಕೈಯಿಂದ ಆ ರಿಬ್ಬನ್ ನಾನೇ ಬಿಚ್ಚುತ್ತೇನೆ. ಯಾರಾದರೂ ಎಣಿಸಲು ಬಂದರೆ ಎಣಿಸಲಿ. “ಹೌದ್ರಿ, ಎರಡ ಅವ. ಎರಡೂ ನನ್ನವ” ಅನ್ನು.