ವೀಲಿಗೆ ಹಚ್ಚಿದ ವಿಭೂತಿ

ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಘಾಟು ಮೂಗಿಗೆ ಬಡಿದು ಕೊಟ್ಟೂರಿನ ಬಾಡಿಗೆ ಮನೆಯ ಅಂಗಳ ಕಣ್ಣ ಮುಂದೆ ಬಂತು. ಅಲ್ಲಿನ ಎದುರು ಮನೆಯ ಮಿಸ್ತ್ರಿ ಕಾಕಾ ಕೂಡ ನೆನಪಾದರು. ಈ ಭಾನುವಾರ ಹರಪನಹಳ್ಳಿಯ ಮನೆಯಲ್ಲಿ, ಹಳೆ ಕಾರಿನ ವೀಲುಗಳಿಗೆ ಬಣ್ಣ ಹೊಡೆಯಲು ಕೂತವನಿಗೆ ಆಮೇಲೆ ಕೈಯೇ ಓಡಲಿಲ್ಲ.

ಕಾಕಾ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ನಾನೋ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಚಹಾ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವ ಜಾತಿ. ಆಗಷ್ಟೇ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆ. ವೀಲುಗಳ ಬಣ್ಣವೆಲ್ಲ ಹಕ್ಕಳೆ ಎದ್ದಿತ್ತು. ಮರುದಿನ ಹಿರೇಹಡಗಲಿಯಲ್ಲಿ, ತವರಿನವರು ಹೆಂಡತಿಗೆ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಏಳು ತಿಂಗಳ ಬಸುರಿಯನ್ನು ಅದೇ ಕಾರಿನಲ್ಲಿ ಕರೆದೊಯ್ಯಬೇಕು, ಮಾವನ ಮನೆಯ ಮುಂದೆ ವೀಲು ಮಿಂಚಬೇಕು... ಅದು ನನ್ನ ಹುಚ್ಚು. ಅಂಗಡಿಯವರು ಹೇಳಿದ ದರ ಕೈಗೆಟುಕದೆ ಕಾಕಾರನ್ನು ಕರೆದೆ.

ಅವರ ಕೆಲಸ ನಿಧಾನ. ಪಾಲಿಶ್ ಪೇಪರನ್ನು ನೀರಲ್ಲಿ ನೆನೆಸಿ ಉಜ್ಜಿದ್ದೇ ಉಜ್ಜಿದ್ದು. ಟೈರಿಗೆ ಬಣ್ಣ ತಾಗದಂತೆ ಸುತ್ತಲೂ ಹಳೆ ಲಗ್ನಪತ್ರಿಕೆಗಳನ್ನು ಸಿಕ್ಕಿಸಿದರು. ದೇವರ ಚಿತ್ರವಿದ್ದ ತುಂಡನ್ನು ಮಾತ್ರ ಹರಿದು ಜೇಬಿಗಿಟ್ಟುಕೊಂಡರು. ನಾನು ಗಡಿಯಾರ ನೋಡುತ್ತಾ ಅಂಗಳ ಅಳೆಯುತ್ತಿದ್ದೆ. ಮೂರು ಮುಗಿದವು. ನಾಲ್ಕನೆಯದನ್ನು ಉಜ್ಜುತ್ತಿದ್ದವರು ತಟ್ಟನೆ ನಿಲ್ಲಿಸಿ, ಸೀಮೆಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಮನೆಯಿಂದ ವಿಭೂತಿ ಗಟ್ಟಿ ತಂದು ಅದರ ಪುಡಿಯನ್ನು ವೀಲಿನ ತುಂಬ ಹಚ್ಚಿದರು. "ಉಂಡು ಬರ್ತೀನಿ ತಮ್ಮಾ, ಮುಟ್ಟಬ್ಯಾಡ," ಅಂದು ಹೋದರು.

ನಾನು ಅದನ್ನು ಪೂಜೆ ಅಂದುಕೊಂಡೆ. ಹಣೆ ತುಂಬ ವಿಭೂತಿ ಧರಿಸುವ ಮನುಷ್ಯ, ಕೊನೆಯ ವೀಲಿಗೂ ಹಚ್ಚಿದರು ಅಂತ. ಕೈಮುಗಿದು, ಒರೆಸಿ, ಪ್ರೈಮರ್ ಹೊಡೆದು, ಅದು ಒಣಗುವ ಮೊದಲೇ ಸಿಲ್ವರ್ ಬಣ್ಣವನ್ನೂ ಹೊಡೆದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಕಾಕಾ ಬಂದು ನೋಡಿದರು. "ತೆಗಿ ಇದನ್ನ. ಮತ್ತ ಉಜ್ಜಬೇಕು."

"ಹೊತ್ತಿಲ್ರಿ ಕಾಕಾ," ಎಂದು ನಾನು ವೀಲು ಕೂಡಿಸಿಬಿಟ್ಟೆ.

ಬೆಳಿಗ್ಗೆ ಹೊರಗೆ ಬಂದರೆ ಕಾಕಾ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೊಸ ಬಣ್ಣವನ್ನು ಕರಕರ ಕೆರೆಯುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು. "ರಿಟೈರಾಗಿ ಮಾಡಾಕ ಕೆಲಸಿಲ್ಲ ಅಂತ ನನ್ನ ಗಾಡಿನ ಸಿಕ್ತೇನ್ರಿ ನಿಮಗ?" ಅಂದುಬಿಟ್ಟೆ. ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು.

ಅವರು ಕೆರೆಯುವುದನ್ನು ಮುಗಿಸಿದರು. ಸೀಮೆಎಣ್ಣೆ ಸವರಿದರು, ಒರೆಸಿದರು, ವಿಭೂತಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ಆ ಬಿಳುಪಿನ ಮೇಲೆ, ನಟ್ಟಿನ ತೂತಿನಿಂದ ಅಂಚಿನವರೆಗೆ, ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ವಿಭೂತಿ ಹೊರಗೆ ಹೀರಿತ್ತು. ಹಿಂದಿನ ದಿನದ್ದೂ ಪೂಜೆಯಲ್ಲ, ಬಿರುಕಿನ ಪರೀಕ್ಷೆ.

"ಇದರ ಮ್ಯಾಲ ಬಸುರಿನ ಕುಂದ್ರಸ್ತಿದ್ದೇನು?" ಎಂದಷ್ಟೇ ಕೇಳಿದರು. ತಾವೇ ಜಾಕಿ ಕೊಟ್ಟು, ಕಬ್ಬಿಣದ ಕರಿ ಸ್ಟೆಪ್ನಿ ಹಾಕಿ ಮನೆಗೆ ನಡೆದರು. ಮೂರು ಸಿಲ್ವರ್, ಒಂದು ಕರಿ ವೀಲಿನ ನನ್ನ ಕಾರು ನೋಡಿ ಮಾವನ ಮನೆಯವರು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಕಾಕಾ ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ. ಎದುರಾದರೆ "ಆರಾಮ?" ಅನ್ನುತ್ತಿದ್ದರು, ಅಷ್ಟೇ. ಹೆಂಡತಿ ದಿನಾ ತಿವಿಯುತ್ತಿದ್ದಳು, "ಹೋಗಿ ತಪ್ಪಾತು ಅನ್ರಿ." ನಾಳೆ ಹೋದರಾಯಿತು ಅಂದೆ. ಮಗಳು ಹುಟ್ಟಿದಳು, ವರ್ಗವಾಯಿತು, ಊರು ಬಿಟ್ಟೆವು... ಕಾಕಾ ತೀರಿಕೊಂಡ ಸುದ್ದಿ ಮಣ್ಣಾದ ಎಷ್ಟೋ ದಿನಕ್ಕೆ ಮುಟ್ಟಿತು.

ಇವತ್ತು ಸೀಮೆಎಣ್ಣೆ ಸಿಗದೆ ಡೀಸೆಲ್ ಸವರಿ, ಒರೆಸಿ, ನಾಲ್ಕೂ ವೀಲಿಗೆ ವಿಭೂತಿ ಪುಡಿ ಹಚ್ಚಿ ನೋಡಿದೆ. ಎಲ್ಲಿಯೂ ಬಿರುಕಿಲ್ಲ. ಆದರೂ ಮತ್ತೆ ಒರೆಸಿದೆ, ಮತ್ತೆ ಹಚ್ಚಿದೆ.

"ಎಲ್ಲಾ ಸರಿ ಅದಾವಲ್ರಿ, ಇನ್ನೇನು ಹುಡುಕಾಕತ್ತೀರಿ?" ಎಂದಳು ಹೆಂಡತಿ.

ಜೀವಮಾನವಿಡೀ ಎಲ್ಲದಕ್ಕೂ ಆತುರಪಟ್ಟವನು, ಕಾಕಾಗೆ 'ತಪ್ಪಾತು' ಅನ್ನುವ ಆ ಒಂದು ಮಾತಿಗೆ ಮಾತ್ರ ನಾಳೆ ಅಂದೆ.